ಹೌದು-ಅಲ್ಲ ಎಂದು ಕೇಳದ ಪ್ರಶ್ನೆ

ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಶಿವಲೀಲಾಳಿಗೆ ಮೆಡಿಕಲ್ ಕೋಡಿಂಗ್ ಕೆಲಸ. ಡಾಕ್ಟರ್ ಬರೆದ ಕಾಯಿಲೆಗೆ ಸರಿಯಾದ ಕೋಡ್ ಹಾಕಿ ಇನ್ಶೂರೆನ್ಸ್‌ಗೆ ಕಳಿಸಬೇಕು.

ಡಾಕ್ಟರ್ ಬರೆಯದೇ ಇದ್ದದ್ದನ್ನು ತಾನೇ ಊಹಿಸಿ ಹಾಕುವಂತಿಲ್ಲ...

ಅಂದು ಅವಳ ಮುಂದೆ ವಾರ್ಡಿನಲ್ಲಿದ್ದ ಗುರುಬಸವ್ವನ ಫೈಲ್ ಇತ್ತು. ಹಳೆಯದೊಂದು ಖಾನಾವಳಿಯ ಒಡತಿ. ಇತ್ತೀಚೆಗೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. ಗ್ಯಾಸ್ ಉರಿಯಲು ಬಿಟ್ಟು ಹೊರಗೆ ಸುಮ್ಮನೆ ಕೂತಿರುತ್ತಿದ್ದಳು.

ಡಾಕ್ಟರ್ ಬರೆದದ್ದು ಇಷ್ಟೇ: ಮರೆವು, ಗೊಂದಲ.

ಕಾರಣ ಬರೆದಿರಲಿಲ್ಲ.

ಕಿಟಕಿಯ ಆಚೆ ಗುರುಬಸವ್ವನ ಮಗಳು ಮಹಾದೇವಿ ನಿಂತಿದ್ದಳು.

"ಅಕ್ಕಾರ, ಡಿಮೆನ್ಷಿಯಾ, ವಾಸಿ ಆಗದ ಮರೆವಿನ ರೋಗ ಅಂತ ಬರದು ಕೊಟ್ಬಿಡ್ರಿ. ಅದನ್ನ ತೋರ್ಸಿದ್ರ ಅವ್ವ ಒಲಿ ಬಿಡ್ತಾಳ. ಖಾನಾವಳಿಗೆ ಬೀಗ ಹಾಕ್ತೀನಿ."

"ಒಲಿ ಬಿಟ್ಟು ಇರ್ತಾರೇನ್ರಿ ಅವ್ರು?"

ಮಹಾದೇವಿ ನೆಲ ನೋಡಿದಳು.

"ಇರೂದಿಲ್ರಿ... ಆದ್ರ ಸುಟ್ಕೊಂಡು ಸತ್ರ?"

ಹಿಂದಿನ ಟೇಬಲ್ಲಿನಿಂದ ಸೂಪರ್‌ವೈಸರ್ ಪಾಟೀಲರ ದನಿ ಬಂತು. "ವಯಸ್ಸಾಗೇತಿ, ಮರೀತಾಳ. ಇದಕ್ಕೇನ್ ಪಂಚಾಂಗ ತಗೀಬೇಕೇನ್ವಾ? ಡಾಕ್ಟರ್‌ಗೆ ಒಂದು ಮೆಸೇಜ್ ಹಾಕಿ ಕೇಳು. ಹೌದು ಅಂದ್ರ ಮುಗೀತು."

ಶಿವಲೀಲಾ ಟೈಪ್ ಮಾಡಿದಳು. "ಸರ್, ಇದು ಡಿಮೆನ್ಷಿಯಾ. ಹೌದೋ, ಅಲ್ಲವೋ?"

ಬೆರಳು ಅಲ್ಲೇ ನಿಂತಿತು...

ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಡಾಕ್ಟರನ್ನು ಕೇಳಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು. ಅವಸರದಲ್ಲಿರುವ ಯಾರಿಗಾದರೂ 'ಹೌದು' ಎನ್ನುವುದೇ ಸುಲಭ.

ಅವಳು ಅಷ್ಟನ್ನೂ ಅಳಿಸಿದಳು. "ಈ ಮರೆವಿಗೆ ಕಾರಣವೇನು, ದಯವಿಟ್ಟು ತಿಳಿಸಿ" ಎಂದು ಕಳಿಸಿದಳು.

ಉತ್ತರ ಬರಲಿಲ್ಲ.

ಎದ್ದಳು, ಕೂತಳು. ಬಾಯಾರದಿದ್ದರೂ ನೀರು ಕುಡಿದಳು. ಬೇರೆ ಫೈಲ್ ತೆರೆದರೆ ಅಕ್ಷರಗಳು ತಲೆಗೆ ಹತ್ತಲಿಲ್ಲ. ಕಿಟಕಿಯ ಆಚೆ ಬೆಂಚಿನ ಮೇಲೆ ಮಹಾದೇವಿ ಇನ್ನೂ ಕೂತೇ ಇದ್ದಳು...

"ಆ ಫೈಲ್ ಇನ್ಶೂರೆನ್ಸ್‌ಗೆ ಕಳಿಸಿದೇನು?" ಎಂದರು ಪಾಟೀಲರು.

"ಇಲ್ರಿ ಸರ್, ಡಾಕ್ಟರ್ ಉತ್ತರ ಇನ್ನೂ ಬಂದಿಲ್ಲ."

"ಸುಮ್ನ ಹೌದು-ಅಲ್ಲ ಅಂತ ಕೇಳಿದ್ರ ಆಗ್ತಿತ್ತು!"

ಸಂಜೆ ಡಾಕ್ಟರೇ ಬಂದು ಬಾಗಿಲಿಗೆ ಒರಗಿ ನಿಂತರು.

"ಏನವ್ವಾ, ಹೌದು-ಅಲ್ಲ ಅಂತ ಕೇಳಿದ್ರ ಲಿಫ್ಟ್‌ನ್ಯಾಗ ನಿಂತು ಹೌದು ಅಂದ್ಬಿಡ್ತಿದ್ದೆ. ನೀ ಕಾರಣ ಕೇಳ್ದಿ... ಅದು ನನಗೂ ಗೊತ್ತಿರ್ಲಿಲ್ಲ. ಮತ್ತ ರಕ್ತ ಪರೀಕ್ಷೆ ಮಾಡಿಸ್ದೆ. ಥೈರಾಯ್ಡ್ ತೀರಾ ಕಡಿಮಿ ಐತಿ. ಅದರಿಂದನೂ ಮರೆವು ಬರಬಹುದು. ಮಾತ್ರೆ ಕೊಟ್ಟು ನೋಡೋಣ."

"ಮರೆವಿಗೆ ಅದೇ ಕಾರಣ ಅಂತ ಹಾಕ್ಲೇನ್ರಿ ಸರ್?"

"ಈಗ ಹ್ಯಾಂಗ ಹೇಳ್ಲಿ? ಕಾರಣ ಇನ್ನೂ ಗೊತ್ತಿಲ್ಲ ಅಂತನ ಇರ್ಲಿ."

ಮರೆವಿದೆ, ಕಾರಣ ಇನ್ನೂ ತಿಳಿದಿಲ್ಲ ಎನ್ನುವುದಕ್ಕೂ ಒಂದು ಕೋಡ್ ಇದೆ. ಶಿವಲೀಲಾ ಅದನ್ನೇ ಹಾಕಿದಳು.

ಕೇಳಿ ಮಹಾದೇವಿಗೆ ಸಿಟ್ಟು ಬಂತು. "ಇದನ್ನ ಹಿಡ್ಕೊಂಡು ನಾ ಏನ್ ಮಾಡ್ಲಿರಿ?"

"ಬೀಗ ಮಾತ್ರ ಹಾಕಬ್ಯಾಡ್ರಿ... ಒಂದಿಷ್ಟು ದಿನ ನೀವೂ ಅವರ ಜೋಡಿ ಒಲಿ ಮುಂದ ನಿಂದರ್ರಿ."

ಮಹಾದೇವಿ ಕಾಗದ ಮಡಚಿಕೊಂಡು ಹೋದಳು.

ಆಮೇಲೆ ಸುದ್ದಿಯಿಲ್ಲ. ತಾನು ತಪ್ಪು ಹೇಳಿದೆನೇ? ಗ್ಯಾಸ್ ಹೊತ್ತಿಸುವಾಗಲೆಲ್ಲ ಶಿವಲೀಲಾಳಿಗೆ ಅದೇ ಯೋಚನೆ...

ಕೆಲವು ತಿಂಗಳು ಕಳೆದ ಮೇಲೆ ತಡೆಯಲಾರದೆ ಆ ಖಾನಾವಳಿಗೆ ಹೋದಳು.

ಬಾಗಿಲು ತೆರೆದಿತ್ತು. ಒಳಗೆ ರೊಟ್ಟಿ ತಟ್ಟುವ ಸದ್ದು.

ಒಲೆಯ ಮುಂದೆ ಗುರುಬಸವ್ವ. ಪಕ್ಕದಲ್ಲಿ ಮಹಾದೇವಿ, ಹಿಂದಿನ ಭಯ ಇನ್ನೂ ಬಿಡದವಳಂತೆ, ಉಪ್ಪಿನ ಡಬ್ಬಿಯನ್ನು ತನ್ನ ಕೈಯಲ್ಲೇ ಹಿಡಿದುಕೊಂಡಿದ್ದಳು. ಚಿಟಿಕೆ ಉಪ್ಪು ತೆಗೆದು ಸಾರಿನತ್ತ ಕೈ ಚಾಚಿದಳು.

ಗುರುಬಸವ್ವ ತಿರುಗಿಯೂ ನೋಡದೆ ಗದರಿದಳು.

"ಏ ಹುಡುಗಿ, ಉಪ್ಪು ಆಗಳೇ ಹಾಕೀನಿ. ಎರಡೆರಡು ಸಲ ಹಾಕಾಕ ನಿನಗೇನ್ ಮರೆವು ಬಂದೈತೇನು?"

ಮಹಾದೇವಿಯ ಕೈ ಗಾಳಿಯಲ್ಲೇ ನಿಂತಿತು. ನಕ್ಕಳು... ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಶಿವಲೀಲಾ ಎಲೆಯ ಮುಂದೆ ಕೂತಳು. ತಲೆ ತಗ್ಗಿಸಿ ಊಟ ಮಾಡಿದಳು. ಸಾರಿಗೆ ಉಪ್ಪು ಸರಿಯಾಗಿತ್ತು.

"ಇನ್ನೂ ಗೊತ್ತಿಲ್ಲ" ಎಂದು ಒಪ್ಪಿಕೊಳ್ಳುವ ಧೈರ್ಯ, ಕೆಲವೊಮ್ಮೆ ಒಬ್ಬರ ಬದುಕಿಗೆ ಬೀಗ ಬೀಳದಂತೆ ತಡೆಯುತ್ತದೆ.

ಕಾರಣ ಕೇಳದೆಯೇ ನೀವು "ಇವರು ಇಷ್ಟೇ" ಎಂದು ತೀರ್ಮಾನಿಸಿಬಿಟ್ಟವರು ನಿಮ್ಮ ಮನೆಯಲ್ಲಿ ಯಾರಿದ್ದಾರೆ...?