ವಸಂತ ಹೇಳಿದ ಕರಾಟೆ ಪಿಕ್ಚರ್

ವಸಂತ ಇನ್ನೂ ಮಾತು ಮುಗಿಸಿರಲಿಲ್ಲ, ಗಂಗಾಮಣಿ ಆಗಲೇ ನಕ್ಕಳು. ಅಂಗಳದಲ್ಲಿ ಕೂತಿದ್ದ ಉಳಿದವರು ನಕ್ಕಿದ್ದು ಆಮೇಲೆ. ಅದನ್ನು ಬೇರೆ ಯಾರೂ ಗಮನಿಸಲಿಲ್ಲ. ಅವಳ ಗಂಡ ಧರ್ಮ ಗಮನಿಸಿದ.

ಹೊಂಗಡಹಳ್ಳದ ಬಳಿಯ ಆ ಎಸ್ಟೇಟಿನ ಆಳುಗಳ ಲೈನ್ ಮನೆಗಳಲ್ಲಿ, ತೊಂಬತ್ನಾಲ್ಕರ ಬೇಸಿಗೆಯಲ್ಲಿ, ಭಾನುವಾರ ಸಂಜೆಯೆಂದರೆ ವಸಂತನ ಕರಾಟೆ ಪಿಕ್ಚರ್. ಬೆಳಗಿನ ಬಸ್ಸಿಗೆ ಸಕಲೇಶಪುರಕ್ಕೆ ಹೋಗಿ, ಮ್ಯಾಟಿನಿ ನೋಡಿ ಬಂದೆನೆಂದು ಇಡೀ ಸಿನಿಮಾವನ್ನು ಕೈಕಾಲು ಬೀಸಿ ಹೇಳುತ್ತಿದ್ದ. ಅಡುಗೆಯವನೊಬ್ಬ ಬರೀ ಸೌಟು ಹಿಡಿದು ಏಳು ಜನರನ್ನು ಕೆಡವಿದ್ದು, ಕುಂಟ ಗುರು ಬಾವಿಕಟ್ಟೆಯ ಮೇಲೆ ನಿಂತು ಕಾದಿದ್ದು. ಕೇಳುತ್ತ ಕೂತ, ತೋಟದ ಲೆಕ್ಕ ಬರೆಯುವ ರೈಟರ್ ಗುಂಡಯ್ಯನವರು ತುಟಿಗಿಟ್ಟ ಬೀಡಿಗೆ ಬೆಂಕಿ ಹಚ್ಚುವುದನ್ನೇ ಮರೆಯುತ್ತಿದ್ದರು.

ಧರ್ಮ ಮೆಣಸು ಕೊಯ್ಯುವ ಇಪ್ಪತ್ತಡಿ ಏಣಿಯನ್ನು ಒಂದೇ ಹೆಗಲಲ್ಲಿ ಹೊರುವ ಆಳು. ಅದಕ್ಕೆ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ. ಕಡ್ಡಿಯಂಥ ವಸಂತ ಗಾಳಿಗೆ ಒದ್ದರೆ ಇಡೀ ಲೈನೇ ಎದ್ದು ನಿಲ್ಲುತ್ತಿತ್ತು.

ಅಂಥದ್ದೇನಿದೆ ಅದರಲ್ಲಿ ಎಂದು ಒಮ್ಮೆ ಹೆಂಡತಿಯನ್ನೇ ಕೇಳಿದ. ಅಕ್ಕಿರೊಟ್ಟಿ ತಟ್ಟುತ್ತಿದ್ದ ಅವಳ ಕೈ ನಿಂತಿತು.

"ಬಲವಾಗಿರೋನು ಗೆದ್ರೆ ನೋಡಕ್ಕೆ ಏನೈತೆ? ಸಣಕಲ ಮೊದ್ಲು ಏಟು ತಿನ್ಬೇಕು, ಬೀಳ್ಬೇಕು. ಇನ್ನು ಏಳಲ್ಲ ಅನ್ನೋವಾಗ ಏಳ್ಬೇಕು. ಆವಾಗ್ಲೇ ನೋಡೋರ ಎದೆ ಹೊಡ್ಕಳೋದು."

ಹೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು. ಆ ಸಣಕಲ ಯಾರೆಂದು ಧರ್ಮನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ವಸಂತ ಸೇರಿಸಿ ಹೇಳುವ ಸುಳ್ಳನ್ನು ಎಲ್ಲರೆದುರು ಬಯಲು ಮಾಡಬೇಕೆಂದು ಮುಂದಿನ ಭಾನುವಾರ ತಾನೇ ಸಕಲೇಶಪುರಕ್ಕೆ ಹೋದ. ಟಾಕೀಸಿನಲ್ಲಿ ಅತ್ತೆ ಸೊಸೆಯ ಗೋಳಿನ ಸಿನಿಮಾ ಓಡುತ್ತಿತ್ತು. ಫೈಟಿಂಗ್ ಪಿಕ್ಚರ್ ಬಾರದೆ ಮೂರು ತಿಂಗಳಾಯಿತೆಂದ ಟಿಕೆಟ್ ಕೊಡುವವನು. ವಸಂತ ಪೇಟೆಯಲ್ಲಿ ಎಲ್ಲೂ ಕಾಣಲಿಲ್ಲ.

ಸಂಜೆ ಧರ್ಮ ಲೈನಿಗೆ ಮರಳಿದಾಗ ವಸಂತ ಆಗಲೇ ಹೊಸ ಪಿಕ್ಚರ್ ಶುರು ಮಾಡಿದ್ದ. ಧರ್ಮ ಗುಂಪಿನ ಹಿಂದೆ ಹೋಗಿ ಕೂತ. ಈಗ ಅವನನ್ನು ಕೊರೆಯುತ್ತಿದ್ದುದು ಸಿನಿಮಾದ ಸುಳ್ಳಲ್ಲ. ಪೇಟೆಗೆ ಹೋಗದವನು ಭಾನುವಾರ ಮಧ್ಯಾಹ್ನವೆಲ್ಲ ಎಲ್ಲಿರುತ್ತಾನೆ? ಗಂಗಾಮಣಿ ಸೌದೆಗೆ ಹೋಗುವುದೂ ಅದೇ ಹೊತ್ತಿಗೆ. ಮೂರು ಗಂಟೆ ಅಲೆದು ಅವಳು ತರುವುದು ಒಂದು ತೆಕ್ಕೆ ಪುಳ್ಳೆ.

ಆ ವಾರವೆಲ್ಲ ಅವನಿಗೆ ಊಟ ಸೇರಲಿಲ್ಲ.

ಭಾನುವಾರ ಅವಳ ಹಿಂದೆಯೇ ಹೊರಟ. ಸೊಂಟದಲ್ಲಿ ಕತ್ತಿಯಿತ್ತು. ತೋಟ ಮುಗಿದು ಹಳ್ಳ ದಾಟಿದರೆ ಒಂದು ಹಾಸುಬಂಡೆ. ವಸಂತ ಅಲ್ಲಿ ಕಾಯುತ್ತಿದ್ದ. ಗಂಗಾಮಣಿ ಅತ್ತಿತ್ತ ನೋಡಿದಳು. ನೇರವಾಗಿ ಹೋಗಿ ಅವನ ಎರಡೂ ಕೈ ಹಿಡಿದುಕೊಂಡಳು.

ಹನ್ನೊಂದು ವರ್ಷದ ಸಂಸಾರ. ಧರ್ಮ ಕತ್ತಿ ಎಳೆದುಕೊಂಡು ಮುಂದಿದ್ದ ಪೊದೆ ಸರಿಸಿದ.

ಗಂಗಾಮಣಿ ವಸಂತನ ಕೈಗಳನ್ನು ಎದೆಮಟ್ಟಕ್ಕೆ ಎತ್ತಿ ಮುಷ್ಟಿ ಕಟ್ಟಿಸಿದಳು. ತನ್ನ ಪಾದದಿಂದ ಅವನ ಪಾದವನ್ನು ಅಗಲಕ್ಕೆ ತಳ್ಳಿದಳು.

"ಹೋದ್ವಾರ ಕತೆ ಕೆಡಿಸ್ಬುಟ್ಟೆ ಕಣೋ. ಮುದುಕ ಬಿದ್ಮೇಲೆ ಒಂದು ಗಳಿಗೆ ಸುಮ್ಕಿರು ಅಂದಿದ್ನಲ್ಲ. ಜನ ಉಸಿರು ಬಿಗಿ ಹಿಡೀಲಿ, ಆಮೇಲೆ ಎಬ್ಬಿಸು."

ಧರ್ಮನ ಕೈ ಅರ್ಧಕ್ಕೇ ನಿಂತಿತು. ವಸಂತ ತಪ್ಪೊಪ್ಪಿಕೊಂಡವನಂತೆ ತಲೆ ತಗ್ಗಿಸಿದ.

"ಆಯ್ತು ಅಕ್ಕ. ಈ ವಾರದ ಪಿಕ್ಚರಿಗೆ ಏನು ಹೆಸ್ರು ಇಟ್ಟಿದೀಯ?"