ಗ್ಯಾರೇಜಿನ ರೊಟ್ಟಿ

“ಅತ್ತಿ, ಇವತ್ತೊಂದಿನ ಗ್ಯಾರೇಜಿನ್ಯಾಗ ರೊಟ್ಟಿ ಬಡೀಬ್ಯಾಡ್ರಿ ಅಂದಿದ್ನಲ್ಲ!” ವಾಣಿಶ್ರೀ ಹಲ್ಲು ಕಡಿದಳು. ಅಮೆರಿಕದ ಲಿಟಲ್ ಎಲ್ಮ್‌ನ ಅವರ ಹೊಸ ಮನೆಯೊಳಗೆ ಡಿಸೈನರ್ ತೆರೇಸಾ ತಾನು ಮಾಡಿಕೊಟ್ಟ ಅಡುಗೆಮನೆಯ ಫೋಟೊ ತೆಗೆಯುತ್ತಿದ್ದಳು. ಇಟಲಿಯ ಅಜ್ಜಿಮನೆಯಲ್ಲಿ ಕಳೆದ ಬೇಸಿಗೆಗಳ ನೆನಪಿಗೆ ಅವಳು ಹಾಕಿಸಿದ ಬಿಳಿ ಮಾರ್ಬಲ್ ಕಟ್ಟೆಯ ಮೇಲೆ ನಿಂಬೆಹಣ್ಣು ಬಿಟ್ಟರೆ ಏನೂ ಇರಲಿಲ್ಲ.

“ಒಳಗ ಮಾಡಿದ್ರ ಘಾಟು ಅಂತಿ, ಹೊರಗ ಮಾಡಿದ್ರ ಮರ್ಯಾದಿ ಹೋಗ್ತದ ಅಂತಿ. ನಾ ಎಲ್ಲಿ ಬಡೀಲವಾ?” ಸುಮಿತ್ರವ್ವ ಇನ್ನೂ ಜೋರಾಗಿ ಬಡಿದರು.

ಸದ್ದಿಗೆ ತೆರೇಸಾ ಬಂದೇಬಿಟ್ಟಳು. ಗ್ಯಾಸ್ ಒಲೆ, ಹಂಚು, ಒಗ್ಗರಣೆ ಸಿಡಿದ ಗೋಡೆ ಎಲ್ಲವನ್ನೂ ನೋಡಿ ನಕ್ಕಳು. “ನಮ್ಮಜ್ಜಿಯೂ ಮೇಲಿನ ಅಡುಗೆಮನೆಯನ್ನು ಬಂದವರಿಗೆ ತೋರಿಸಲು ಒರೆಸಿಟ್ಟು, ನೆಲಮಾಳಿಗೆಯಲ್ಲೇ ಬೇಯಿಸುತ್ತಿದ್ದಳು,” ಎನ್ನುತ್ತ ಕ್ಯಾಮೆರಾ ಎತ್ತಿದಳು.

ಸುಮಿತ್ರವ್ವ ಸೆರಗು ಸರಿಮಾಡಿಕೊಂಡರು. “ವಾಣಿ, ಅತ್ಲಾಗ ಸರಿ. ಬೆಳಕಿಗೆ ಅಡ್ಡ ನಿಂತೀದಿ.”