ಎದುರು ಮೂಲೆಯ ತುಂಡು

ಅಂಗನವಾಡಿ ಕೂಸುಗಳಿಗೆ ಕೌದಿ ಹೊಲಿಯಲು ಮನೆಮನೆಯಿಂದ ಉಳಿದ ಬಟ್ಟೆಯ ತುಂಡು ಬೇಡಿ ತಂದೆ. ಏಳು ವರ್ಷದಿಂದ ಮಾತು ಬಿಟ್ಟಿದ್ದ ವಾರಗಿತ್ತಿಯರಿಬ್ಬರೂ ಕೊಟ್ಟರು.

"ಆಯೀ, ನನ್ನ ತುಂಡು ಆಕಿ ತುಂಡಿಗೆ ತಾಗಿತಂದ್ರ ಹರಕೊಂಡು ಹೋಗ್ತೀನಿ," ಅಂದಳು ಶಾವಂತ್ರೆವ್ವ.

"ನಾನೇನು ಬಿಡ್ತೀನೇನು?" ಅಂದಳು ನೀಲವ್ವ, ಅದೂ ನನಗೇ.

ಒಬ್ಬಳದ್ದನ್ನು ಒಂದು ಮೂಲೆಗೆ, ಇನ್ನೊಬ್ಬಳದ್ದನ್ನು ಎದುರು ಮೂಲೆಗೆ ಇಟ್ಟು ತಿಂಗಳುಗಟ್ಟಲೆ ಹೊಲಿದೆ.

ಕೌದಿ ಕೊಡುವ ದಿನ ಇಬ್ಬರೂ ಬಂದು, ತುಂಡುಗಳ ನಡುವಿನ ದೂರ ಗೇಣು ಹಾಕಿ ಅಳೆದು, ಸಮಾಧಾನಪಟ್ಟರು. ಅಷ್ಟರಲ್ಲಿ ಟೀಚರಮ್ಮ ಅದನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ನಿದ್ದೆಹೋದ ಕೂಸನ್ನು ಮೇಲೆ ಮಲಗಿಸಿದಳು. ಎರಡು ತುಂಡೂ ಒಂದರ ಮೇಲೊಂದು ಕೂತವು.

ಇಬ್ಬರೂ ಎಳೆಯಲು ಕೈ ಹಾಕಿದರು. ಕೂಸು ಮಿಸುಕಿತು.

"ಶ್! ಕೈ ತಗಿ, ಎದ್ದೀತು," ಅಂದಳು ಶಾವಂತ್ರೆವ್ವ.

"ಮೊದಲ ನೀ ತಗಿ, ಅಕ್ಕಾ," ಅಂದಳು ನೀಲವ್ವ.